ಮೊದಲು ಬೆಂಕಿ ಹೊತ್ತಿಸಿದವರು ಯಾರು?

ಹಿಂದೆ ನಿಂತಿರೋ ತಮ್ಮಂದಿರು ಮುಂದೆ ಬನ್ನಿ, ಜಾಗ ಇದೆ.

ಸತ್ಯವೇದ ತೆರೆಯಿರಿ. ಮೊಬೈಲಲ್ಲಿ ಓದೋರು ಮೊಬೈಲಲ್ಲೇ ಓದಿ, ನೋಟಿಫಿಕೇಶನ್ ಮಾತ್ರ ಆಫ್ ಮಾಡಿ. ಅಪೊಸ್ತಲರ ಕೃತ್ಯಗಳು 28ನೇ ಅಧ್ಯಾಯ, 1ರಿಂದ 10ನೇ ವಚನದವರೆಗೆ. ಪೌಲನು ಮೆಲೀತೆ ದ್ವೀಪಕ್ಕೆ ಬಂದ ಕಥೆ. ಸಂಡೇಸ್ಕೂಲಿಂದ ಕೇಳಿದ್ದೇವೆ. ಮೆಲೀತೆ ಅಂದ ಕೂಡಲೇ ನಮಗೆ ನೆನಪಾಗೋದು ಏನು? ಹಾವು! ಹೌದು, ಹಾವು. ಆದರೆ ಇವತ್ತು ಹಾವಿಗಿಂತ ಮೊದಲು ಅಲ್ಲಿ ಏನಿತ್ತು ಅಂತ ನೋಡೋಣ. ಹಾವು ಬಂದದ್ದು ಬೆಂಕಿಯ ಕಾವಿಗೆ. ಹಾಗಾದರೆ ಆ ಬೆಂಕಿಯನ್ನು ಹೊತ್ತಿಸಿದವರು ಯಾರು? ಇದೇ ಇವತ್ತಿನ ಸಂದೇಶ.

ಸ್ವಲ್ಪ ಹಿಂದಕ್ಕೆ ಹೋಗಿ, 27ನೇ ಅಧ್ಯಾಯ. ಪೌಲ ಕೈದಿ. ವಿಚಾರಣೆಗೆ ರೋಮಿಗೆ ಕರೆದುಕೊಂಡು ಹೋಗ್ತಾ ಇದ್ದಾರೆ. ಬಿರುಗಾಳಿ ಹಿಡಿದು 14 ರಾತ್ರಿ ಸಮುದ್ರದ ಮೇಲೆ. ಸೂರ್ಯ ಇಲ್ಲ, ನಕ್ಷತ್ರ ಇಲ್ಲ. ಹಡಗಿನಲ್ಲಿ 276 ಜನ ಅಂತ ಲೂಕ ಎಣಿಸಿ ಬರೆದಿದ್ದಾನೆ. ಕೊನೆಗೆ ಹಡಗು ಮರಳದಿಬ್ಬಕ್ಕೆ ಬಡಿದು ಒಡೆಯಿತು. ಈಜು ಬಂದವರು ಈಜಿದರು, ಬಾರದವರು ಹಲಗೆ ಹಿಡಿದು ದಡ ಸೇರಿದರು. ಬೆಳಗಾದಾಗ ನಾವಿಕರಿಗೇ ಅದು ಯಾವ ನೆಲ ಅಂತ ಗೊತ್ತಾಗಲಿಲ್ಲ. ದಡಕ್ಕೆ ಬಂದ ಮೇಲೆ ಅದು ಮೆಲೀತೆ ಅಂತ ತಿಳಿಯಿತು. ಹೇಗೆ ತಿಳಿಯಿತು? ಅಲ್ಲಿನವರು ಹೇಳಿರಬೇಕು. ಕಾಲಿಟ್ಟ ನೆಲದ ಹೆಸರನ್ನೂ ಅವರಿಂದಲೇ ಕೇಳಿ ತಿಳಿಯಬೇಕಾದ ಪರಿಸ್ಥಿತಿ ಅಪೊಸ್ತಲನಿಗೆ.

ಮೆಲೀತೆ ಅಂದ್ರೆ ಇವತ್ತಿನ ಮಾಲ್ಟಾ. ಇಟಲಿಯ ಸಿಸಿಲಿಯಿಂದ ದಕ್ಷಿಣಕ್ಕೆ ಸುಮಾರು 90 ಕಿಲೋಮೀಟರ್. ಆ ದ್ವೀಪದ ಉದ್ದ ಸುಮಾರು 27 ಕಿಲೋಮೀಟರ್. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗಿ ಇನ್ನೊಂದು ಸ್ವಲ್ಪ ಮುಂದೆ ಹೋದರೆ ಮುಗಿಯಿತು, ಅಷ್ಟೇ ದ್ವೀಪ. ಅಲ್ಲಿಗೆ ಒಂದು ಬೆಳಗ್ಗೆ ಇದ್ದಕ್ಕಿದ್ದ ಹಾಗೆ 276 ಜನ ನೆನೆದುಕೊಂಡು ಬಂದು ನಿಂತಿದ್ದಾರೆ. ಸಿಪಾಯಿಗಳಿದ್ದಾರೆ, ಕೈದಿಗಳಿದ್ದಾರೆ. ನಮ್ಮ ಅಪಾರ್ಟ್‌ಮೆಂಟಿನ ಗೇಟಿಗೆ ಬಂದಿದ್ದರೆ? ಸೆಕ್ಯೂರಿಟಿಗೆ ಫೋನು, ವಾಟ್ಸಾಪ್ ಗ್ರೂಪಲ್ಲಿ ಫೋಟೋ!

ಅವರು ಏನು ಮಾಡಿದರು? ಮಳೆ ಬರ್ತಾ ಇತ್ತು, ಚಳಿ ಇತ್ತು. ಬೆಂಕಿ ಹೊತ್ತಿಸಿ ಎಲ್ಲರನ್ನೂ ಹತ್ತಿರ ಕರೆದರು. ಎಲ್ಲರನ್ನೂ! ನೀನು ಕೈದಿಯಾ, ಯಾವ ದೇವರು, ಯಾವ ಊರು ಅಂತ ಮೊದಲು ಕೇಳಲಿಲ್ಲ.

ಈಗ ಎರಡು ಗ್ರೀಕ್ ಪದ ಹೇಳ್ತೇನೆ. ಡಿಪ್ಲೊಮಾ ಮಾಡಿದವನು ಗ್ರೀಕ್ ಹೇಳದೆ ಬಿಡ್ತಾನಾ! ಲೂಕ ಆ ಜನರನ್ನು ಕರೆದ ಪದ ‘ಬಾರ್ಬರೊಯ್’. ಗ್ರೀಕ್ ಬಾರದವರು ಅಂತ. ನಮಗೆ ತಿಳಿಯದ ಭಾಷೆ ಕೇಳಿದರೆ ‘ಏನೋ ಬಡಬಡ ಅಂತಾರೆ’ ಅನ್ನಲ್ವಾ, ಗ್ರೀಕರಿಗೆ ಅದು ‘ಬರ್ ಬರ್’ ಅಂತ ಕೇಳಿಸ್ತಿತ್ತು. ಆದರೆ ಅದೇ ವಚನದಲ್ಲಿ ಆ ಜನರು ತೋರಿಸಿದ ದಯೆಗೆ ಲೂಕ ಬಳಸಿದ ಪದ ‘ಫಿಲಾಂಥ್ರೊಪಿಯ’, ಮನುಷ್ಯಪ್ರೀತಿ. ಈ ನಾಮಪದ ಹೊಸ ಒಡಂಬಡಿಕೆಯಲ್ಲಿ ಎರಡೇ ಕಡೆ ಬರುತ್ತದೆ. ಒಂದು ಇಲ್ಲಿ. ಇನ್ನೊಂದು ತೀತನ ಪತ್ರಿಕೆ 3:4ರಲ್ಲಿ. ಅಲ್ಲಿ ಅದು ಯಾರ ಪ್ರೀತಿ ಗೊತ್ತಾ? ನಮ್ಮ ರಕ್ಷಕನಾದ ದೇವರ ಪ್ರೀತಿ! ಹಲ್ಲೆಲೂಯಾ! ಸುವಾರ್ತೆ ಇನ್ನೂ ಕೇಳಿರದ ಜನರ ದಯೆಗೂ ನಮ್ಮನ್ನು ರಕ್ಷಿಸಿದ ದೇವರ ದಯೆಗೂ ಪವಿತ್ರಾತ್ಮನು ಒಂದೇ ಪದ ಕೊಟ್ಟಿದ್ದಾನೆ.

ಇದು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ಗ್ರೀಕ್ ಪದ ಪುಸ್ತಕದಲ್ಲಿತ್ತು, ಅರ್ಥ ಸಿಕ್ಕಿದ್ದು ಮಿಶ್ರಿಕೋಟಿಯಲ್ಲಿ.

2014, ಜುಲೈ ತಿಂಗಳು. ನಾನು ಹುಟ್ಟಿ ಬೆಳೆದದ್ದು ಬೆಂಗಳೂರಲ್ಲಿ. ಬೈಬಲ್ ಕಾಲೇಜು ಮುಗಿಸಿದ ಹೊಸದು. ಧಾರವಾಡ ಜಿಲ್ಲೆ ಕಲಘಟಗಿ ತಾಲೂಕಿನ ಮಿಶ್ರಿಕೋಟಿಗೆ ಹೋಗು, ಅಲ್ಲಿ ಒಂದೆರಡು ವಿಶ್ವಾಸಿ ಕುಟುಂಬ ಇವೆ, ಮೂರು ತಿಂಗಳು ಅವರ ಜೊತೆ ಇದ್ದು ಪ್ರಾರ್ಥನೆ ನಡೆಸು ಅಂತ ಕಳಿಸಿದರು. ಬ್ಯಾಗ್ ತುಂಬ ಕರಪತ್ರ. ತಲೆ ತುಂಬ ನೋಟ್ಸು. ಹುಬ್ಬಳ್ಳಿಯಿಂದ ಬಸ್ಸಲ್ಲಿ ಹೋಗಿ ಇಳಿದಾಗ ಕತ್ತಲಾಗಿತ್ತು. ಮಳೆ ಅಂದ್ರೆ ಮಳೆ. ಕರೆಂಟಿಲ್ಲ. ನನ್ನ ಫೋನು ಸತ್ತಿತ್ತು. ನಾನು ಉಳಿಯಬೇಕಾದ ಮನೆಗೆ ಬೀಗ. ಯಾರೋ ಸಂಬಂಧಿಕರು ತೀರಿಕೊಂಡರು ಅಂತ ಅವರು ಊರಿಗೆ ಹೋಗಿದ್ದರು.

ಎದುರು ಮನೆಯಿಂದ ಒಬ್ಬ ಮುದುಕಿ ಕೂಗಿದರು. “ಯಾರೋ ತಮ್ಮಾ, ಹಿಂಗ್ಯಾಕ ತೊಯ್ಸಿಕೊಂತ ನಿಂತಿ? ಒಳಗ ಬಾ.”

ನಾನು “ಇಲ್ಲ ಅಜ್ಜಿ, ಪರವಾಗಿಲ್ಲ” ಅಂದೆ. ಅವರು ಇನ್ನೇನೋ ಅಂದರು. ಕನ್ನಡವೇ, ಆದರೆ ಅರ್ಧ ತಿಳಿಯಲಿಲ್ಲ! ನಾನೂ ಬೆಂಗಳೂರಿನ ಗ್ರೀಕ ಆಗಿದ್ದೆ ನೋಡಿ. ಕೊನೆಗೆ ಅವರೇ ಬಂದು ಬ್ಯಾಗ್ ಎಳೆದುಕೊಂಡು ಹೋದರು. ಒಲೆಗೆ ಇನ್ನಷ್ಟು ಕಟ್ಟಿಗೆ ಹಾಕಿದರು. ಒಲೆ ಮುಂದೆ ಕೂರಿಸಿ ಒಣ ಪಂಜೆ ಕೊಟ್ಟರು. “ಅಜ್ಜಿ ಅನಬ್ಯಾಡ, ಇಲ್ಲಿ ಎಲ್ಲಾರೂ ನನಗ ಆಯಿ ಅಂತಾರ” ಅಂದರು. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ ತಟ್ಟೆಗೆ ಬಂತು.

ಆಗ ನಾನು ಏನು ಮಾಡಿದೆ ಗೊತ್ತಾ? ಗೋಡೆ ಮೇಲಿನ ದೇವರ ಫೋಟೋ ನೋಡಿ ಕೇಳಿದೆ: “ಆಯಿ, ಇದು ಅಲ್ಲಿ ಇಟ್ಟದ್ದಾ?”

ಆಯಿ ನನ್ನ ಮುಖ ನೋಡಿದರು. ಕೋಪ ಇಲ್ಲ. “ಹಸದಾವಗ ರೊಟ್ಟಿ ಅಷ್ಟ ತಮ್ಮಾ. ತಿನ್ನು.”

1 ಕೊರಿಂಥ 10:27 ನನಗೆ ಬಾಯಿಪಾಠ ಇತ್ತು. ಯಾರಾದರೂ ಊಟಕ್ಕೆ ಕರೆದರೆ ಬಡಿಸಿದ್ದನ್ನು ವಿಚಾರಣೆ ಮಾಡದೆ ತಿನ್ನಬೇಕು ಅಂತ ಪೌಲ ಅಲ್ಲಿ ಬರೆದಿದ್ದಾನೆ. ಪರೀಕ್ಷೆಯಲ್ಲಿ ಅದಕ್ಕೆ ಒಳ್ಳೆ ಮಾರ್ಕ್ಸೂ ಬಂದಿತ್ತು. ರೊಟ್ಟಿ ಮುಂದೆ ಇದ್ದಾಗ ನೆನಪಾಗಲಿಲ್ಲ.

ಇನ್ನೊಂದು ಮಾತು ಇದೆ. ಇದನ್ನು ನಾನು ತುಂಬ ವರ್ಷ ಯಾರಿಗೂ ಹೇಳಿರಲಿಲ್ಲ. ರಾತ್ರಿ ಆಯಿ ಕೌದಿ ಹಾಸಿ ಕೊಟ್ಟರು. ಹಳೇ ಸೀರೆ ತುಂಡು ಸೇರಿಸಿ ಕೈಯಲ್ಲಿ ಹೊಲಿದ ದಪ್ಪ ಕೌದಿ. ನನ್ನ ಹತ್ತಿರ ಒಂದು ವರದಿ ಹಾಳೆ ಇತ್ತು, ದಿನಾ ತುಂಬಬೇಕು. ಅದರಲ್ಲಿ ‘ಊರಿನ ಆತ್ಮಿಕ ಸ್ಥಿತಿ’ ಅಂತ ಒಂದು ಸಾಲು. ಕೌದಿ ಮೇಲೆ ಕೂತು ಬರೆದೆ: ‘ಪೂರ್ತಿ ಕತ್ತಲೆ’. ಯಾವ ಬೆಳಕಲ್ಲಿ ಬರೆದೆ? ಆಯಿ ಹಚ್ಚಿಟ್ಟು ಹೋದ ಚಿಮಣಿ ಬೆಳಕಲ್ಲಿ.

(ಸಭೆ ಮೌನ)

ಪ್ರಿಯರೇ, ಕ್ರಿಸ್ತನಿಲ್ಲದೆ ಲೋಕಕ್ಕೆ ರಕ್ಷಣೆ ಇಲ್ಲ ಅಂತ ನಾನು ಅವತ್ತೂ ನಂಬಿದ್ದೆ, ಇವತ್ತೂ ನಂಬುತ್ತೇನೆ. ನನ್ನ ತಪ್ಪು ಅಲ್ಲಿ ಇರಲಿಲ್ಲ. ದೇವರು ನನಗಿಂತ ಮೊದಲೇ ಆ ಊರಿಗೆ ಬಂದು ನನಗಾಗಿ ಒಲೆ ಉರಿಸಿಟ್ಟಿದ್ದಾನೆ ಅನ್ನೋದನ್ನು ನಾನು ನೋಡಲಿಲ್ಲ. ಕೊಡೋಕೆ ಬಂದವನು ನಾನು, ತೆಗೆದುಕೊಳ್ಳೋದು ನನಗೆ ಅವಮಾನ ಅಂದುಕೊಂಡಿದ್ದೆ. ಲೂಕ 10ರಲ್ಲಿ ಯೇಸು ಎಪ್ಪತ್ತು ಮಂದಿಯನ್ನು ಕಳಿಸುವಾಗ ಹಣದ ಚೀಲ ಬೇಡ, ಕೊಟ್ಟದ್ದನ್ನು ಊಟ ಮಾಡಿ ಅಂದನಲ್ಲ. ಯಾಕೆ? ಕೈ ಖಾಲಿ ಇದ್ದರೆ ಮಾತ್ರ ಇನ್ನೊಬ್ಬರ ಬಾಗಿಲಲ್ಲಿ ತಗ್ಗಿ ನಿಲ್ಲುತ್ತೇವೆ.

ನಮ್ಮ ನಾಡಿಗೆ ಬಂದವರನ್ನೇ ನೋಡಿ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ. 1853ರಲ್ಲಿ ಬಂದ ಫರ್ಡಿನಾಂಡ್ ಕಿಟೆಲ್ ಧಾರವಾಡದ ಕಡೆ ಕೆಲಸ ಮಾಡಿದರು. ಅವರ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ, ಸುಮಾರು 70 ಸಾವಿರ ಪದ. ಆ ಪದಗಳನ್ನು ಅವರು ಜರ್ಮನಿಯಿಂದ ತಂದಿರಲಿಲ್ಲ. ಇಲ್ಲಿನ ಗ್ರಂಥಗಳಿಂದ, ಇಲ್ಲಿನ ಪಂಡಿತರಿಂದ, ಇಲ್ಲಿನ ಜನರ ಬಾಯಿಂದ ಕಲಿತರು. ಕಲಿಸೋಕೆ ಬಂದವರು ಮೊದಲು ವಿದ್ಯಾರ್ಥಿಯಾಗಿ ಕೂತರು.

ಈಗ ಪೌಲನನ್ನು ನೋಡಿ. 3ನೇ ವಚನ. ಅವನು ಬೆಂಕಿ ಕಾಯಿಸಿಕೊಂಡು ಸುಮ್ಮನೆ ಕೂರಲಿಲ್ಲ, ಕಟ್ಟಿಗೆ ಆರಿಸಿದ. ರೋಮಾಪುರಕ್ಕೆ ಪತ್ರಿಕೆ ಬರೆದ ಕೈ ಅದು, ಚಿಕ್ಕ ಪುಳ್ಳೆ ಆರಿಸ್ತಾ ಇದೆ! ಬೆಂಕಿ ಅವರದು, ಕಟ್ಟಿಗೆ ಇವನದೂ ಸೇರಿತು. ಆಗಲೇ ಹಾವು ಕಚ್ಚಿದ್ದು. ನೋಡಿದವರು ಇವನು ಕೊಲೆಗಾರ ಅಂದರು. ಸಾಯದಿದ್ದಾಗ ಇವನು ದೇವರು ಅಂದರು. ಎರಡೂ ತಪ್ಪು. ಮೊದಲನೇ ಮಾತಿಗೆ ಪೌಲ ಕುಗ್ಗಲಿಲ್ಲ, ಎರಡನೇ ಮಾತಿಗೆ ಉಬ್ಬಲಿಲ್ಲ. ಹಾವನ್ನು ಜಾಡಿಸಿದ, ಅಷ್ಟೇ. ಹೊಸ ಆಫೀಸಲ್ಲಿ ಒಂದು ವಾರಕ್ಕೆ ನಿಮ್ಮನ್ನು ಹೀರೋ ಅಂತಾರೆ, ಮುಂದಿನ ವಾರ ಜೀರೋ ಅಂತಾರೆ. ಜಾಡಿಸಿ, ಕಟ್ಟಿಗೆ ಆರಿಸ್ತಾ ಇರಿ. ಆಮೆನ್?

ಆಮೇಲೆ ದ್ವೀಪದ ಮುಖ್ಯಸ್ಥ ಪೊಪ್ಲಿಯ ಮೂರು ದಿನ ಅತಿಥಿಸತ್ಕಾರ ಮಾಡಿದ. ಅವನ ತಂದೆಗೆ ಜ್ವರ, ರಕ್ತಭೇದಿ. ಪೌಲ ಒಳಗೆ ಹೋದ, ಪ್ರಾರ್ಥಿಸಿದ, ಕೈಯಿಟ್ಟ, ಕರ್ತನು ಸ್ವಸ್ಥಮಾಡಿದನು. ಕ್ರಮ ಗಮನಿಸಿ. ಮೊದಲು ಅವರ ಬೆಂಕಿ, ಅವರ ಊಟ, ಅವರ ಮನೆ. ಆಮೇಲೆ ಪೌಲನ ಪ್ರಾರ್ಥನೆ. ಅಲ್ಲಿ ಮೂರು ತಿಂಗಳಿದ್ದ. ಬೋಧಿಸಿಯೂ ಇರಬಹುದು. ಆದರೆ ಲೂಕ ಅಲ್ಲಿಯ ಒಂದು ಪ್ರಸಂಗವನ್ನೂ ಬರೆದಿಲ್ಲ. ಬೆಂಕಿಯನ್ನು ಬರೆದ, ಕಟ್ಟಿಗೆಯನ್ನು ಬರೆದ, ಜ್ವರ ಬಿಟ್ಟದ್ದನ್ನು ಬರೆದ, ಹೊರಡುವಾಗ ಆ ಜನ ಬೇಕಾದ್ದೆಲ್ಲ ಹಡಗಿಗೆ ತುಂಬಿಸಿದ್ದನ್ನು ಬರೆದ. ಇವತ್ತಿಗೂ ಮಾಲ್ಟಾದಲ್ಲಿ ಫೆಬ್ರವರಿ 10ಕ್ಕೆ ಆ ಹಡಗು ಒಡೆದ ನೆನಪಿನ ಹಬ್ಬ, ಸರ್ಕಾರಿ ರಜೆ!

ಮಿಶ್ರಿಕೋಟಿಯಲ್ಲಿ ನಾನೂ ಮೂರು ತಿಂಗಳಿದ್ದೆ. ಎರಡೇ ದಿನಕ್ಕೆ ವಿಶ್ವಾಸಿಗಳು ವಾಪಸ್ ಬಂದರು, ನಾನು ಅವರ ಮನೆಗೆ ಹೋದೆ. ಆದರೂ ಊರು ತೋರಿಸಿದ್ದು ಆಯಿ ಮನೆಯವರೇ. ಯಾವ ಓಣಿ ಎಲ್ಲಿಗೆ ಹೋಗುತ್ತದೆ, ಹೊಲದ ದಾರಿಯಲ್ಲಿ ಎಲ್ಲಿ ಕೆಸರು, ಯಾರ ಮನೆಯಲ್ಲಿ ದುಃಖ ಇದೆ ಈಗ ಹೋಗಬೇಡ, ಎಲ್ಲ ಅವರೇ ಹೇಳಿಕೊಟ್ಟರು. ಒಂದು ರಾತ್ರಿ ಆಯಿಯ ಮೊಮ್ಮಗುವಿಗೆ ವಿಪರೀತ ಜ್ವರ. ಬಣ್ಣದ ಕಲಘಟಗಿ ತೊಟ್ಟಿಲಲ್ಲಿ ಮಗು ಕಣ್ಣು ಬಿಡ್ತಾ ಇಲ್ಲ. “ತಮ್ಮಾ, ನೀ ದೇವರ ಮನಷ್ಯಾ ಅಲ್ಲೇನು, ಒಂದು ಮಾತು ನಿಮ್ಮ ದೇವರಿಗೆ ಹೇಳು” ಅಂದರು. ಮಗುವಿನ ಮೇಲೆ ಕೈಯಿಟ್ಟೆ. ಕಲಿತ ಪ್ರಾರ್ಥನೆ ಒಂದೂ ಬಾಯಿಗೆ ಬರಲಿಲ್ಲ. ‘ಯೇಸಪ್ಪಾ, ಯೇಸಪ್ಪಾ’ ಅಂತ ಅತ್ತೆ, ಅಷ್ಟೇ. ಆಮೇಲೆ ಮಗುವಿನ ಅಪ್ಪನ ಬೈಕಲ್ಲಿ ಮಧ್ಯರಾತ್ರಿ ಕಲಘಟಗಿ ಆಸ್ಪತ್ರೆಗೆ ಹೋದೆವು. ಮಗು ಉಳಿಯಿತು, ಸ್ತೋತ್ರ! ಪ್ರಾರ್ಥನೆಯಿಂದಲೋ ಔಷಧಿಯಿಂದಲೋ ಅಂತ ಆಯಿ ಕೇಳಲಿಲ್ಲ. ಎರಡೂ ಒಬ್ಬನ ಕೈಯಿಂದಲೇ ಬರುತ್ತವೆ ಅಂತ ನಾನು ನಂಬಿದ್ದೇನೆ. ಅವತ್ತು ಮನೆಗೆ ಬಂದು ಆ ವರದಿ ಹಾಳೆ ಹುಡುಕಿದೆ. ತಿದ್ದೋಣ ಅಂತ. ಆಗಲೇ ಕಳಿಸಿಯಾಗಿತ್ತು.

ಕಳೆದ ವರ್ಷ ಮಿಶ್ರಿಕೋಟಿಗೆ ಹೋದೆ. ಆಯಿ ಇಲ್ಲ, ತೀರಿಕೊಂಡಿದ್ದಾರೆ. ಕ್ಷಮೆ ಕೇಳಬೇಕು ಅಂತ ಇಷ್ಟು ವರ್ಷ ಅಂದುಕೊಂಡೇ ಇದ್ದೆ, ಹೋಗಿರಲಿಲ್ಲ. ಅವರ ಮಗ ಚಹಾ ಕೊಟ್ಟರು. “ಅವತ್ತು ಆಯಿ ನನಗೆ ಕೌದಿ ಹಾಸಿದ್ದರು” ಅಂದೆ. ಅವರು ನಕ್ಕರು. “ಅವ್ವ ಎಷ್ಟು ಮಂದಿಗೆ ಹಾಸ್ಯಾಳೋ, ಲೆಕ್ಕ ಇಟ್ಟಿದ್ದಿಲ್ಲರಿ” ಅಂದರು.

ಆಯಿ ಎಂದೂ ಪ್ರಾರ್ಥನೆ ಕೂಟಕ್ಕೆ ಬರಲಿಲ್ಲ. ‘ಹಾಗಾದರೆ ಪಾಸ್ಟರ್, ಅವರು...?’ ಅಂತ ನಿಮ್ಮಲ್ಲಿ ಕೆಲವರು ಕೇಳಬೇಕು ಅಂತಿದ್ದೀರಿ. ನ್ಯಾಯಾಸನ ನನ್ನದಲ್ಲ. ಅದರ ಮೇಲೆ ಕೂತಿರೋನು ನನಗಿಂತ ಕರುಣೆಯುಳ್ಳವನು. ನನಗೆ ಬೇರೆ ಒಂದು ಪ್ರಶ್ನೆ ಕೇಳ್ತಾನೆ ಅಂತ ಭಯ ಇದೆ: ನಾನು ಆಕೆಯ ಕೈಯಿಂದ ನಿನಗೆ ರೊಟ್ಟಿ ಕೊಟ್ಟಾಗ ನೀನು ಏನು ಕೇಳಿದೆ?

ನೀವು ಬಾಗಲಕೋಟೆಯಿಂದ, ಗದಗಿನಿಂದ, ಹಾಸನದಿಂದ ಈ ಸಿಟಿಗೆ ಬಂದವರು. ಪಿಜಿಯಲ್ಲಿ ಇದ್ದೀರಿ. ಒಂಥರಾ ಹಡಗು ಒಡೆದು ಬಂದ ಹಾಗೇ ಬಂದಿದ್ದೀರಿ ಕೆಲವರು. ಮೊದಲ ದಿನ ಬಸ್ ನಂಬರ್ ಹೇಳಿದವರು ಯಾರು? ಜ್ವರ ಬಂದಾಗ ಗಂಜಿ ತಂದ ರೂಮ್‌ಮೇಟ್ ಯಾರು? ಅವರು ನಮ್ಮ ಸಭೆಯವರಾ? ಅಲ್ಲ ಅಲ್ವಾ. ಅವರಿಗೆ ಥ್ಯಾಂಕ್ಸ್ ಹೇಳಿದ್ದೀರಾ, ಇಲ್ಲ ಬರೀ ಲಿಂಕ್ ಕಳಿಸಿದ್ದೀರಾ?

ಈ ವಾರ ಒಂದೇ ಕೆಲಸ. ಅಂಥ ಒಬ್ಬರ ಹತ್ತಿರ ಹೋಗಿ. ಕೃತಜ್ಞತೆ ಹೇಳಿ. ಅವರ ಜೊತೆ ಊಟ ಮಾಡಿ. ಅವರ ಮನೆಯಲ್ಲಿ ಯಾರಿಗೆ ಜ್ವರ ಇದೆ, ಯಾರಿಗೆ ಕಷ್ಟ ಇದೆ ಕೇಳಿ. ಅವರು ಒಪ್ಪಿದರೆ ಅಲ್ಲೇ ಪ್ರಾರ್ಥಿಸಿ. ಯೇಸುವಿನ ಹೆಸರು ಹೇಳೋಕೆ ನಾಚಬೇಡಿ. ಆದರೆ ಒಂದು ಹೊರೆ ಕಟ್ಟಿಗೆ ಹೊತ್ತುಕೊಂಡು ಹೋಗಿ ಹೇಳಿ.

ಎಲ್ಲರೂ ಎದ್ದು ನಿಲ್ಲೋಣ. ಕಣ್ಣು ಮುಚ್ಚಿ. ನಿಮಗೆ ಬೆಂಕಿ ಹೊತ್ತಿಸಿಕೊಟ್ಟವರ ಹೆಸರು ನೆನಪಿಸಿಕೊಳ್ಳಿ.

ಕರ್ತನೇ, ನಾವು ನೆನೆದು ನಿಂತಾಗ ಬಾಗಿಲು ತೆರೆದವರಿಗಾಗಿ ಸ್ತೋತ್ರ. ಅವರ ಮನೆಗಳನ್ನು ಆಶೀರ್ವದಿಸು. ನಾವು ಅವರ ದೀಪದ ಕೆಳಗೆ ಕೂತು ಅವರನ್ನು ಕತ್ತಲೆ ಅಂದದ್ದನ್ನು ಕ್ಷಮಿಸು. ನಮ್ಮ ಗರ್ವವನ್ನು ಮುರಿ. ನಮ್ಮ ಕೈಗಳಿಗೆ ಕಟ್ಟಿಗೆ ಕೊಡು, ನಿನ್ನ ಆತ್ಮನ ಬೆಂಕಿ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.