ತೇಪೆಯ ಅಂಗಿ

ಜಯನಗರದ ನಮ್ಮ ತರಗತಿಯಲ್ಲಿ ಮಕ್ಕಳಿಗೆ ಒಂದು ವ್ಯಂಗ್ಯಚಿತ್ರ ತೋರಿಸಿದೆ. ತೇಪೆ ಹಾಕಿದ ಅಂಗಿ, ಬರಿಗಾಲು, ನಮಗೆ ಬೆನ್ನು ತಿರುಗಿಸಿ ನಿಂತ ಹತ್ತು ವರ್ಷದ ಹುಡುಗ. ಹೆಸರು ಹಂಝಲ. ಬರೆದವರು ನಾಜಿ ಅಲ್ ಅಲಿ. 1948ರಲ್ಲಿ ಫೆಲೆಸ್ತೀನ್ ತೊರೆಯಬೇಕಾಗಿ ಬಂದಾಗ ಅವರಿಗೂ ಸುಮಾರು ಅದೇ ವಯಸ್ಸು. ಬೆಳೆದದ್ದು ಲೆಬನಾನಿನ ನಿರಾಶ್ರಿತರ ಶಿಬಿರದಲ್ಲಿ. 1969ರಲ್ಲಿ ಕುವೈತಿನ ಪತ್ರಿಕೆಯಲ್ಲಿ ಹಂಝಲ ಮೊದಲು ಕಾಣಿಸಿಕೊಂಡ. 1987ರಲ್ಲಿ ಲಂಡನ್ನಿನಲ್ಲಿ ನಾಜಿ ಗುಂಡಿಗೆ ಬಲಿಯಾದರು.

“ಸಾರ್, ಅವನಿಗೊಂದು ಹೊಸ ಅಂಗಿ ಕಳಿಸಬಾರದೇ?” ಎಂದು ಬಾಲಕನೊಬ್ಬ ಕೇಳಿದ.

ಆ ಕರುಣೆ ಮೆಚ್ಚತಕ್ಕದ್ದೇ. ಆದರೆ ಹೊಸ ಅಂಗಿಯಿಂದ ಸಮಾಧಾನವಾಗುವುದು ಕೊಟ್ಟವನಿಗೆ. ಹುಡುಗನ ಮನೆ ಅವನಿಗೆ ಮರಳದು. ಹರಕು ಅವನ ಮೇಲಾದ ಅನ್ಯಾಯದ ಗುರುತು. ತೇಪೆ ಅವನು ಉಳಿಸಿಕೊಂಡ ಮಾನದ ಗುರುತು. ಬೆನ್ನ ಹಿಂದೆ ಕಟ್ಟಿದ ಆ ಕೈಗಳು ಬೇಡುವ ಕೈಗಳಲ್ಲ, ಇತರರು ಹೇರುವ ಪರಿಹಾರವನ್ನು ನಿರಾಕರಿಸುವ ಕೈಗಳು.

ನಮ್ಮ ಬಡಾವಣೆಗಳಲ್ಲೂ ಹಳೆಯ ಬಟ್ಟೆಯ ಗಂಟು ಕಟ್ಟಿ ಬಡವರಿಗೆ ಕೊಡುತ್ತೇವೆ. ಕೊಡಲೇಬೇಕು. ಆದರೆ ಅದನ್ನು ಪಡೆದವನು ನಾಳೆ ತನ್ನ ಹಕ್ಕು ಕೇಳಿದರೆ ನಮ್ಮ ಮುಖವೇಕೆ ಬಾಡುತ್ತದೆ? ನಾವು ಕೊಟ್ಟದ್ದು ಬಟ್ಟೆಯನ್ನೋ, ಅವನ ಬಾಯಿಗೊಂದು ಬೀಗವನ್ನೋ? ದಾನವು ನ್ಯಾಯಕ್ಕೆ ಬದಲಿಯಾಗಲಾರದು.

ಬಾಲಕನಿಗೆ ಹೇಳಿದೆ: “ಅಂಗಿ ಕಳಿಸೋಣ ಮಗು. ಜೊತೆಗೆ, ಅವನ ಮನೆ ಎಲ್ಲಿ ಹೋಯಿತೆಂದೂ ಕೇಳೋಣ.”