ಕೊನೆಯ ಸೈನಿಕನಿಗೂ ಬಣ್ಣ



ಸಂತ ಲೂಕರ ಶುಭಸಂದೇಶದ ೧೪ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಎರಡು ಪುಟ್ಟ ಸಾಮತಿಗಳನ್ನು ಹೇಳುತ್ತಾರೆ. ಒಬ್ಬನು ಗೋಪುರಕ್ಕೆ ಅಸ್ತಿಭಾರ ಹಾಕಿ ಅಷ್ಟಕ್ಕೇ ನಿಲ್ಲಿಸಿದರೆ ನೋಡಿದವರು ನಗುತ್ತಾರೆ. ಇಪ್ಪತ್ತು ಸಾವಿರ ಸೈನಿಕರೊಡನೆ ಬರುವ ವೈರಿಯನ್ನು ಹತ್ತು ಸಾವಿರದಿಂದ ಎದುರಿಸಬಲ್ಲೆನೇ ಎಂದು ಅರಸನು ಮೊದಲು ಕುಳಿತು ಯೋಚಿಸುತ್ತಾನೆ. ಶಿಷ್ಯನಾಗಲು ಹೊರಡುವವನು ಕೊನೆಯವರೆಗಿನ ಬೆಲೆಯನ್ನು ಎಣಿಸಬೇಕೆಂಬುದು ಪ್ರಭುವಿನ ಬೋಧನೆ. ಈ ಬೋಧನೆಯನ್ನು ಒಂದು ಹವ್ಯಾಸದ ಮೂಲಕ ಧ್ಯಾನಿಸೋಣ.

ಯೂರೋಪ್, ಅಮೆರಿಕಗಳಲ್ಲಿ ಅನೇಕರು ಬಿಡುವಿನ ವೇಳೆಯಲ್ಲಿ ಪುಟ್ಟ ಸೈನಿಕ ಬೊಂಬೆಗಳಿಗೆ ಬಣ್ಣ ಹಚ್ಚುತ್ತಾರೆ. ತವರದ ಮಿಶ್ರಲೋಹ ಅಥವಾ ಪ್ಲಾಸ್ಟಿಕ್ಕಿನ ಬೊಂಬೆ. ಎತ್ತರ ೨೮ ಮಿಲಿಮೀಟರ್, ದೊಡ್ಡದಾದರೆ ೫೪. ಅಚ್ಚಿನ ಗೀರುಗಳನ್ನು ಕೆರೆದು, ತೊಳೆದು, ಮೊದಲು ಪ್ರೈಮರ್ ಬಳಿಯಬೇಕು. ಇಲ್ಲದಿದ್ದರೆ ಮೇಲಿನ ಬಣ್ಣ ಕಿತ್ತುಬರುತ್ತದೆ. ಬಳಿಕ ಮೂಲಬಣ್ಣ, ಮಡಿಕೆಗಳಿಗೆ ನೆರಳು, ಉಬ್ಬುಗಳಿಗೆ ತಿಳಿಬಣ್ಣ, ಗುಂಡಿ, ಬೆಲ್ಟು, ಕಣ್ಣು, ಕಡೆಗೆ ವಾರ್ನಿಷ್. ಮೊದಲ ಬೊಂಬೆ ಮುಗಿದಾಗ ಸಂಭ್ರಮ. ಹದಿನೈದನೆಯದಕ್ಕೆ ಬಂದಾಗ ಅದೇ ನೀಲಿ ಅಂಗಿ, ಅದೇ ಬಿಳಿ ಪಟ್ಟಿ. ಅಷ್ಟರಲ್ಲಿ ಅಂಗಡಿಯ ಹೊಸ ಪೆಟ್ಟಿಗೆ ಕಣ್ಣಿಗೆ ಬೀಳುತ್ತದೆ. ಹೀಗೆ ಬಣ್ಣ ಕಾಣದ ಸೈನಿಕರ ರಾಶಿ ಬೀರುವಿನಲ್ಲಿ ಬೆಳೆಯುತ್ತದೆ. ಹವ್ಯಾಸಿಗಳೇ ಅದನ್ನು ತಮಾಷೆಗೆ ‘ಸೀಸದ ಬೆಟ್ಟ’ ಎನ್ನುವುದುಂಟು.

ಇಂಥ ಬೆಟ್ಟವನ್ನು ಹತ್ತಿ ಮುಗಿಸಿದವರೂ ಇದ್ದಾರೆ. ೧೮೧೫ರ ವಾಟರ್ಲೂ ಕದನದ ಮಾದರಿಯೊಂದನ್ನು ತಯಾರಿಸುವ ಹೊಣೆ ೧೮೩೦ರಲ್ಲಿ ವಿಲಿಯಂ ಸೈಬೋರ್ನ್ ಎಂಬ ಬ್ರಿಟಿಷ್ ಸೇನಾಧಿಕಾರಿಯ ಪಾಲಿಗೆ ಬಂತು. ಅವರು ಆ ರಣಭೂಮಿಯ ತೋಟದ ಮನೆಯೊಂದರಲ್ಲಿ ಎಂಟು ತಿಂಗಳು ತಂಗಿ ನೆಲದ ಏರುತಗ್ಗುಗಳನ್ನು ಅಳೆದರು. ಕದನದಲ್ಲಿದ್ದ ಅಧಿಕಾರಿಗಳಿಗೆ ಪತ್ರ ಬರೆದು ವಿವರ ಕೇಳಿದರು. ೧೮೩೩ರಲ್ಲಿ ಸರ್ಕಾರ ಮುಂದಿನ ಹಣ ಕೊಡಲು ಒಪ್ಪಲಿಲ್ಲ. ಸಾಲ ಮಾಡಿ ಕೆಲಸ ಮುಂದುವರಿಸಿದರು. ೧೮೩೮ರಲ್ಲಿ ಮಾದರಿ ಲಂಡನ್ನಿನಲ್ಲಿ ಪ್ರದರ್ಶನಗೊಂಡಿತು. ಅದರಲ್ಲಿ ಬೆರಳ ಉಗುರಿನಷ್ಟೇ ಎತ್ತರದ ೭೦,೦೦೦ಕ್ಕೂ ಹೆಚ್ಚು ಸೈನಿಕರು! ಇಂದು ಅದು ಲಂಡನ್ನಿನ ರಾಷ್ಟ್ರೀಯ ಸೇನಾ ವಸ್ತುಸಂಗ್ರಹಾಲಯದಲ್ಲಿದೆ. ಆದರೆ ಆ ಸಾಲದ ಹೊರೆ ಅವರನ್ನು ಬಹುಕಾಲ ಕಾಡಿತು. ಮೊದಲು ಕುಳಿತು ಎಣಿಸಿರಿ ಎಂಬ ಪ್ರಭುವಿನ ಎಚ್ಚರಿಕೆ ಮುಗಿಸಿದವರಿಗೂ ಅನ್ವಯಿಸುತ್ತದೆ.

ಕೆಲಸ ಅರ್ಧಕ್ಕೆ ನಿಲ್ಲುವುದೇಕೆ? ಸಂತ ತೋಮಸ್ ಅಕ್ವಿನಾಸರು ಇಲ್ಲಿ ಎರಡು ಸದ್ಗುಣಗಳನ್ನು ಬೇರ್ಪಡಿಸಿ ತೋರಿಸುತ್ತಾರೆ. ಹೊರಗಿನ ಅಡ್ಡಿಗಳ ಮುಂದೆ ಕದಲದಿರುವುದು ಸ್ಥಿರತೆ. ಯಾವ ಅಡ್ಡಿಯೂ ಇಲ್ಲದಿದ್ದರೂ, ಕಾಲ ದೀರ್ಘವಾದುದರಿಂದಲೇ ಹುಟ್ಟುವ ಬೇಸರವನ್ನು ಗೆಲ್ಲುವುದು ಎಡೆಬಿಡದ ತಾಳ್ಮೆ. ಸರ್ಕಾರ ಕೈಬಿಟ್ಟಾಗ ಬೇಕಾದುದು ಮೊದಲನೆಯದು. ಹದಿನೈದನೆಯ ನೀಲಿ ಅಂಗಿಗೆ ಬೇಕಾದುದು ಎರಡನೆಯದು. ನಮ್ಮ ಕುಟುಂಬಗಳಲ್ಲಿ ಹೆಚ್ಚಾಗಿ ಸೋಲುವುದು ಈ ಎರಡನೆಯದರಲ್ಲೇ.

ಮದುವೆಯ ದಿನ ಬಲಿಪೀಠದ ಮುಂದೆ ಮಾತು ಕೊಡುವುದು ಮೊದಲ ಬೊಂಬೆಯ ಸಂಭ್ರಮ. ಇಪ್ಪತ್ತನೆಯ ವರ್ಷದ ಒಂದು ಸಾಮಾನ್ಯ ಮಂಗಳವಾರ ಅದೇ ಮಾತನ್ನು ಉಳಿಸಿಕೊಳ್ಳುವುದೇ ಪ್ರೀತಿ. ತಾಯಿ ಹಾಸಿಗೆ ಹಿಡಿದ ಮೊದಲ ವಾರ ಎಲ್ಲ ಮಕ್ಕಳೂ ಹಣ್ಣು ಹಿಡಿದು ಬರುತ್ತಾರೆ. ಆರನೆಯ ತಿಂಗಳಲ್ಲಿ ಬಟ್ಟೆ ಬದಲಿಸಲು ಉಳಿಯುವವಳು ಒಬ್ಬಳೇ ಸೊಸೆ. ಜಮೀನಿನ ಜಗಳದಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರು ಕ್ರಿಸ್ಮಸ್ ದಿನ ಚರ್ಚಿನ ಅಂಗಳದಲ್ಲಿ ಕೈ ಕುಲುಕುತ್ತಾರೆ. ಆದರೆ ಒಬ್ಬರ ಹೊಸ್ತಿಲನ್ನು ಇನ್ನೊಬ್ಬರು ತುಳಿಯುವುದಿಲ್ಲ. ಆ ರಾಜಿಗೆ ಬಿದ್ದಿರುವುದು ಬರೀ ಪ್ರೈಮರ್! ಮಿಕ್ಕ ಬಣ್ಣಕ್ಕೆ ಮುಂದೆ ಸಮಯವಿದೆ ಎಂದುಕೊಂಡಿರುತ್ತೇವೆ. ಅಣ್ಣನ ಶವಪೆಟ್ಟಿಗೆಯ ಮುಂದೆ ನಿಂತು ತಮ್ಮ ಬಿಕ್ಕಳಿಸುವುದನ್ನು ನಾವು ಗುರುಗಳು ಎಷ್ಟೋ ಸಲ ನೋಡುತ್ತೇವೆ. ಅಂದು ಹೇಳಲು ಮಾತು ಇರುತ್ತದೆ, ಕೇಳಲು ಕಿವಿ ಇರುವುದಿಲ್ಲ.

ಹಾಗೆಂದು ಇದು ಬರೀ ನಮ್ಮ ಛಲದಿಂದ ಆಗುವ ಕೆಲಸವಲ್ಲ. ಕೊನೆಯವರೆಗೆ ನಿಲ್ಲಲು ದೈವ ವರಪ್ರಸಾದ ಬೇಕೆಂದು ಅಕ್ವಿನಾಸರೇ ಹೇಳುತ್ತಾರೆ. ಜ್ಞಾನಸ್ನಾನದಲ್ಲಿ ದೇವರು ನಮಗೆ ಕಿತ್ತುಹೋಗದ ಮೊದಲ ಲೇಪ ಹಚ್ಚಿದ್ದಾರೆ. ನಮ್ಮಲ್ಲಿ ಒಳ್ಳೆಯ ಕಾರ್ಯವನ್ನು ಆರಂಭಿಸಿದವರು ಅದನ್ನು ಪೂರ್ಣಗೊಳಿಸುವರೆಂಬ ಭರವಸೆಯನ್ನು ಸಂತ ಪೌಲರು ಫಿಲಿಪ್ಪಿಯರಿಗೆ ಕೊಟ್ಟರು. ಬೇಸತ್ತು ನಮ್ಮನ್ನು ಬೀರುವಿನೊಳಗೆ ಸರಿಸಿಬಿಡುವ ದೇವರು ಅವರಲ್ಲ. ಯೇಸುವೂ ಶಿಲುಬೆಯಿಂದ ಅರ್ಧಕ್ಕೆ ಇಳಿದುಬರಲಿಲ್ಲ. ಪಿತನು ಒಪ್ಪಿಸಿದ್ದೆಲ್ಲವೂ ನೆರವೇರಿತೆಂದು ಸಾರಿದ ಮೇಲೆಯೇ ತಲೆಬಾಗಿ ಪ್ರಾಣವನ್ನು ಒಪ್ಪಿಸಿದರು.

ಈ ವಾರ ಮನೆಮಂದಿಯೆಲ್ಲ ಸಂಜೆಯ ಜಪಸರದ ಬಳಿಕ ಐದು ನಿಮಿಷ ಕುಳಿತುಕೊಳ್ಳಿ. ನಮ್ಮ ಮನೆಯಲ್ಲಿ ಅರ್ಧಕ್ಕೆ ನಿಂತಿರುವ ಒಳಿತು ಯಾವುದು? ಹೋಗಬೇಕಾದ ಮನೆಯೇ, ಹಿಂದಿರುಗಿಸಬೇಕಾದ ಸಾಲವೇ, ಮುಂದೂಡುತ್ತ ಬಂದ ಪಾಪನಿವೇದನೆಯೇ? ಒಂದನ್ನೇ ಆರಿಸಿರಿ. ಹೊಸದೇನನ್ನೂ ಆರಂಭಿಸದೆ ಅದನ್ನು ಮುಗಿಸಿರಿ.

ಓ ಪ್ರಭುವೇ, ಆರಂಭದ ಉತ್ಸಾಹವನ್ನು ಕೊಟ್ಟ ನೀವೇ ಅಂತ್ಯದವರೆಗಿನ ತಾಳ್ಮೆಯನ್ನೂ ನಮಗೆ ಅನುಗ್ರಹಿಸಿರಿ. ಆಮೆನ್.