ಹತ್ತು ತಿಂಗಳ ಮೇಷ್ಟ್ರು, ಹನ್ನೆರಡು ತಿಂಗಳ ಹಸಿವು



ನಮ್ಮ ನಡುವೆ ಒಂದು ವರ್ಗದ ಜನರಿದ್ದಾರೆ. ಅವರನ್ನು ನಿರುದ್ಯೋಗಿಗಳೆನ್ನಲು ಬಾಯಿ ಬರುವುದಿಲ್ಲ. ಉದ್ಯೋಗಸ್ಥರೆನ್ನಲು ಮನಸ್ಸು ಒಪ್ಪುವುದಿಲ್ಲ. ಶಾಲೆ ತೆರೆದಾಗ ಊರು ಅವರನ್ನು 'ಮೇಷ್ಟ್ರೇ', 'ಟೀಚರೇ' ಎಂದು ಕರೆಯುತ್ತದೆ. ಬೇಸಿಗೆ ರಜೆ ಬಂದೊಡನೆ ಅವರ ಹಾಜರಿ ನಿಲ್ಲುತ್ತದೆ, ಗೌರವಧನವೂ ನಿಲ್ಲುತ್ತದೆ. ಅವರೇ ಅತಿಥಿ ಶಿಕ್ಷಕರು. ನಮ್ಮ ಮನೆಗಳಲ್ಲಿ ಅತಿಥಿಗೆ ಮೊದಲ ತುತ್ತು. ಶಾಲೆಯ ಈ ಅತಿಥಿಗೆ ಮಾತ್ರ ಕೊನೆಯ ಪಂಕ್ತಿ.

ಸರಕಾರಿ ಶಾಲೆಯಲ್ಲಿ ಖಾಯಂ ಹುದ್ದೆ ಖಾಲಿಯಿದ್ದಲ್ಲಿ ಇವರನ್ನು ಕರೆಯುತ್ತಾರೆ. ವರ್ಗಾವಣೆಯಾಗಿ ಖಾಯಂ ಶಿಕ್ಷಕರು ಬಂದರೆ ಇವರು ಎದ್ದು ಹೊರಡಬೇಕು. 2022ರಲ್ಲಿ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರ ಗೌರವಧನ 7,500 ರೂಪಾಯಿಯಿಂದ 10,000ಕ್ಕೆ, ಪ್ರೌಢಶಾಲೆಯವರದು 8,000ದಿಂದ 10,500ಕ್ಕೆ ಏರಿತು. 2025-26ರ ರಾಜ್ಯ ಬಜೆಟ್‌ನಲ್ಲಿ ಇನ್ನೂ 2,000 ರೂಪಾಯಿ ಹೆಚ್ಚಿಸುವ ಘೋಷಣೆಯಾಯಿತು. ಸಂತೋಷ. ಆದರೆ ತಿಂಗಳಿಗೆ 12,000 ಪಡೆಯುವವನ ಹತ್ತು ತಿಂಗಳ ಹಣವನ್ನು ಹನ್ನೆರಡು ತಿಂಗಳ ಒಲೆಗೆ ಹಂಚಿ ನೋಡಿ; ಉಳಿಯುವುದು 10,000 ಮಾತ್ರ. ಅದರಲ್ಲೇ ಬಾಡಿಗೆ, ಅದರಲ್ಲೇ ಔಷಧಿ, ಅದರಲ್ಲೇ ಮಕ್ಕಳ ಪುಸ್ತಕ.

ಬಾಬಾಬುಡನ್‌ಗಿರಿಯ ಹಾದಿಯಲ್ಲಿರುವ ಅತ್ತಿಗುಂಡಿಯಂತಹ ಊರುಗಳಲ್ಲಿ ಈ ಕಷ್ಟಕ್ಕೆ ಇನ್ನೊಂದು ಮುಖವಿದೆ. ಇಲ್ಲಿ ಎಲ್ಲರ ಅನ್ನವೂ ಕಾಫಿ ಗಿಡದ ಬೇರಿಗೆ ಅಂಟಿಕೊಂಡಿದೆ. 2000ದ ನಂತರದ ಕೆಲವು ವರ್ಷ ಕಾಫಿ ಬೆಲೆ ಕುಸಿದಾಗ ಮಲೆನಾಡು ಅದನ್ನು ಚೆನ್ನಾಗಿ ಅನುಭವಿಸಿತು. ತೋಟದಲ್ಲಿ ಕೆಲಸ ಕಡಿಮೆಯಾದರೆ ಲೈನ್ ಮನೆಯ ಕುಟುಂಬ ಬೇರೆ ಕಡೆಗೆ ಹೊರಡುತ್ತದೆ. ಕುಟುಂಬದ ಜೊತೆ ಮಕ್ಕಳೂ ಹೊರಡುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಕಿರಿಯ ಪ್ರಾಥಮಿಕ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61 ಆದರೆ ಮೂವರು. ನಾಲ್ಕು ಮಕ್ಕಳು ಊರು ಬಿಟ್ಟರೆ ಸಾಕು, ಒಬ್ಬ ಮೇಷ್ಟ್ರ ಅಗತ್ಯ ಕಾಗದದ ಮೇಲೆ ಇಲ್ಲವಾಗಬಹುದು. ಕೊರೋನಾ ಕಾಲವನ್ನು ನೆನೆಯಿರಿ. 2020ರ ಮಾರ್ಚ್‌ನಲ್ಲಿ ಮುಚ್ಚಿದ ಒಂದರಿಂದ ಐದರ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಮುಚ್ಚಿದ ಶಾಲೆಗೆ ಅತಿಥಿ ಏಕೆ ಬೇಕು?

ಇಂತಹ ಸ್ಥಿತಿಯಲ್ಲಿರುವ ಸಹೋದರ ಸಹೋದರಿಯರ ಎದೆಯಲ್ಲಿ ಒಂದು ಮಾತು ಚುಚ್ಚುತ್ತಿರುತ್ತದೆ: "ಇಷ್ಟು ಓದಿಯೂ ನನಗೆ ನೆಲೆಯಿಲ್ಲ. ಅಲ್ಲಾಹನು ನನ್ನ ಮೇಲೆ ಮುನಿದಿದ್ದಾನೆಯೇ?"

ಇದಕ್ಕೆ ಪವಿತ್ರ ಕುರ್‌ಆನ್ ಹೇಳುವ ಪ್ರವಾದಿ ಮೂಸಾ(ಅ)ರ ವೃತ್ತಾಂತವೇ ಉತ್ತರ. ಅವರು ಮದ್ಯನ್ ತಲುಪಿದಾಗ ಕೈಯಲ್ಲಿ ಕೆಲಸವಿರಲಿಲ್ಲ, ತಲೆಯ ಮೇಲೆ ಸೂರಿರಲಿಲ್ಲ. ಬಾವಿಯ ಬಳಿ ಸರದಿಗಾಗಿ ಕಾಯುತ್ತಿದ್ದ ಇಬ್ಬರು ಹೆಣ್ಣುಮಕ್ಕಳ ಕುರಿಗಳಿಗೆ ನೀರು ಕುಡಿಸಿದರು. ಕೂಲಿ ಕೇಳಲಿಲ್ಲ. ನೆರಳಿಗೆ ಸರಿದು, ತನ್ನ ಪ್ರಭು ಇಳಿಸಿಕೊಡುವ ಯಾವ ಒಳಿತಿಗೂ ತಾನು ಹಂಬಲಿಸುವವನೆಂದು ಪ್ರಾರ್ಥಿಸಿದರು. ಆಮೇಲೆ ಅವರಿಗೆ ಸಿಕ್ಕಿದ್ದಾದರೂ ಏನು? ಎಂಟು ವರ್ಷದ ಅವಧಿಯ ಕೆಲಸ, ಇಷ್ಟವಿದ್ದರೆ ಹತ್ತು. ಅಲ್ಲಾಹನು ತಾನೇ ಮಾತನಾಡಿಸಲು ಆರಿಸಿಕೊಂಡಿದ್ದ ಪ್ರವಾದಿ ಒಂದು ಕಾಲಕ್ಕೆ ಅವಧಿ ಕೆಲಸಗಾರರಾಗಿದ್ದರು! ಆದ್ದರಿಂದ ಅಲ್ಲಾಹನ ಬಳಿ ನಿಮ್ಮ ಸ್ಥಾನವನ್ನು ನೇಮಕಾತಿ ಆದೇಶದಿಂದ ಅಳೆಯಬೇಡಿರಿ.

ಇನ್ನೊಂದು ವಿಷಯ ಗಮನಿಸಿರಿ. ಅವರನ್ನು ಕೆಲಸಕ್ಕೆ ಶಿಫಾರಸು ಮಾಡಿದ ಆ ಹೆಣ್ಣುಮಗಳು ಎರಡು ಗುಣಗಳನ್ನು ಹೆಸರಿಸಿದಳು: ಸಾಮರ್ಥ್ಯ ಮತ್ತು ಪ್ರಾಮಾಣಿಕತೆ. ಗೌರವಧನ ಅರೆಯಾದರೂ ಪಾಠ ಅರೆಯಾಗಕೂಡದು. ತೋಟದ ಕೂಲಿಯ ಮಗು ನಿಮ್ಮ ಬಳಿ ಇರುವ ಅಮಾನತ್ತು. ನಿಮ್ಮ ಹುದ್ದೆ ಖಾಯಮ್ಮೋ ಅಲ್ಲವೋ ಅದಕ್ಕೆ ತಿಳಿಯದು.

ಗೌರವಧನ ಸಾಲದಾಗ ಬೇರೆ ಕೆಲಸ ಮಾಡುವುದರಲ್ಲಿ ನಾಚಿಕೆಯೂ ಬೇಡ. ರಜೆಯಲ್ಲಿ ಅಂಗಡಿಯ ಲೆಕ್ಕ ಬರೆಯಿರಿ, ಮನೆಪಾಠ ಹೇಳಿರಿ. ಹಣ್ಣು ಕೊಯ್ಯುವ ಕಾಲದಲ್ಲಿ ಭಾನುವಾರ ತೋಟಕ್ಕಿಳಿದರೂ ತಪ್ಪೇನು? ಬೇಡಲು ಬಂದ ಅನ್ಸಾರಿಯೊಬ್ಬರ ಹಾಸುವಸ್ತ್ರ ಮತ್ತು ಪಾತ್ರೆಯನ್ನು ಪ್ರವಾದಿವರ್ಯರು(ಸ) ಎರಡು ದಿರ್ಹಮಿಗೆ ಮಾರಿಸಿದರು. ಒಂದರಿಂದ ಮನೆಗೆ ಆಹಾರ, ಇನ್ನೊಂದರಿಂದ ಕೊಡಲಿ. ಕೊಡಲಿಗೆ ಹಿಡಿಯನ್ನು ಸ್ವತಃ ತಮ್ಮ ಕೈಯಿಂದಲೇ ಜೋಡಿಸಿಕೊಟ್ಟರು. ಸೌದೆ ಕಡಿದು ಮಾರುವ ಕೆಲಸ ಆ ಪವಿತ್ರ ಹಸ್ತದಿಂದ ಗೌರವ ಪಡೆಯಿತು. ಮರ್ಯಾದೆಗೆ ಅಂಜಿ ಬಡ್ಡಿ ಸಾಲದ ವಾರದ ಕಂತಿಗೆ ಕೊರಳೊಡ್ಡುವುದಕ್ಕಿಂತ ಕೈಗೆ ಕಾಫಿ ಹಣ್ಣಿನ ಅಂಟು ಹತ್ತುವುದು ಎಷ್ಟೋ ಮೇಲು.

ಆದರೆ ಉಪದೇಶವನ್ನೆಲ್ಲ ಬಡ ಮೇಷ್ಟ್ರಿಗೇ ಹೇಳಿ ಮುಗಿಸಿದರೆ ಅದು ಅನ್ಯಾಯ. ಸೂರಃ ಕಹ್ಫ್‌ನಲ್ಲಿ ಒಂದು ದೋಣಿಯ ಪ್ರಸಂಗ ಬರುತ್ತದೆ. ಅದರ ಒಡೆಯರಿಗೆ ದೋಣಿಯಿತ್ತು, ಸಮುದ್ರದಲ್ಲಿ ಕೆಲಸವೂ ಇತ್ತು. ಆದರೂ ಅಲ್ಲಾಹನು ಅವರನ್ನು 'ಮಿಸ್ಕೀನ್'ಗಳೆಂದು ಕರೆದನು. ಕೆಲಸವಿದ್ದೂ ಸಾಲದವನು ಬಡವನೇ ಎಂಬುದಕ್ಕೆ ಕರ್ಮಶಾಸ್ತ್ರ ವಿದ್ವಾಂಸರು ಇದನ್ನು ಆಧಾರವಾಗಿ ತೋರಿಸಿದ್ದಾರೆ. ಬಾಗಿಲಿಂದ ಬಾಗಿಲಿಗೆ ಅಲೆಯುವವನಷ್ಟೇ ಅಲ್ಲ, ಸಾಕಾಗುವಷ್ಟಿಲ್ಲದೆಯೂ ಯಾರ ಗಮನಕ್ಕೂ ಬಾರದವನೇ ನಿಜವಾದ ಮಿಸ್ಕೀನ್ ಎಂದು ಪ್ರವಾದಿವರ್ಯರೂ(ಸ) ತಿಳಿಸಿದ್ದಾರೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಜುಮಾದ ಸಾಲಿನಲ್ಲಿ ನಿಲ್ಲುವ ಆ ಮೇಷ್ಟ್ರು ನಮ್ಮ ಗಮನಕ್ಕೆ ಬಂದಿದ್ದಾರೆಯೇ? ಝಕಾತಿನ ಪಟ್ಟಿ ತಯಾರಿಸುವಾಗ 'ಅವರಿಗೇನು, ಕೆಲಸವಿದೆಯಲ್ಲ' ಎಂದು ನಾವು ಹೆಸರು ಬಿಟ್ಟಿಲ್ಲವೇ?

ಜಮಾಅತಿನ ಹಿರಿಯರೇ, ಈ ವಿಷಯದಲ್ಲಿ ಸರಕಾರವನ್ನು ಮಾತ್ರ ದೂರಬೇಡಿರಿ. ನಿಮ್ಮ ಮದ್ರಸದ ಉಸ್ತಾದರಿಗೆ ರಜಾ ತಿಂಗಳ ಸಂಬಳ ಕೊಡುತ್ತಿದ್ದೀರಾ? ಮದ್ಯನಿನ ಆ ವೃದ್ಧರು ಕೆಲಸಕ್ಕೆ ನೇಮಿಸುವ ಮುನ್ನವೇ ಅವಧಿಯನ್ನು ಸ್ಪಷ್ಟವಾಗಿ ಹೇಳಿದರು. ಕಷ್ಟ ಕೊಡುವ ಇರಾದೆ ತನಗಿಲ್ಲವೆಂದು ಮಾತು ಕೊಟ್ಟರು. ಬೆವರು ಆರುವ ಮುನ್ನ ಕೂಲಿ ಸಲ್ಲಬೇಕೆಂಬುದು ಪ್ರವಾದಿಬೋಧನೆ. ನಮ್ಮಲ್ಲಿ ಮೂರು ತಿಂಗಳ ಬಾಕಿ ಆರದೆ ಉಳಿದಿರುತ್ತದೆ. ಮಸೀದಿಯ ಒಂದು ಕೋಣೆಯನ್ನು ಸಂಜೆಪಾಠಕ್ಕೆ ಬಿಟ್ಟುಕೊಡಿರಿ. ತೋಟದ ಮಕ್ಕಳು ಯಾವ ಧರ್ಮದವರಾದರೂ ಬಂದು ಕಲಿಯಲಿ, ಮೇಷ್ಟ್ರಿಗೆ ಜಮಾಅತ್ ಸಂಭಾವನೆ ಕೊಡಲಿ. ಏಪ್ರಿಲ್, ಮೇ ತಿಂಗಳಿಗೆ ಬಡ್ಡಿಯಿಲ್ಲದ ಕೈಸಾಲದ ನಿಧಿಯೊಂದನ್ನು ತೆಗೆದಿರಿಸಿರಿ. ಕೊಡುವಾಗ ಫೋಟೋ ಬೇಡ, ವೇದಿಕೆ ಬೇಡ. ಕೇಳುವ ಮುನ್ನವೇ ಮನೆಗೆ ತಲುಪಲಿ.

ಬದ್ರ್‌ನ ಸೆರೆಯಾಳುಗಳಲ್ಲಿ ಅಕ್ಷರ ಬಲ್ಲವರಿಗೆ ಮದೀನದ ಹತ್ತು ಮಕ್ಕಳಿಗೆ ಓದುಬರಹ ಕಲಿಸುವುದೇ ಬಿಡುಗಡೆಯ ಬೆಲೆಯಾಗಿತ್ತೆಂದು ಚರಿತ್ರೆಕಾರರು ದಾಖಲಿಸಿದ್ದಾರೆ. ಶತ್ರುವಿನ ಪಾಠಕ್ಕೂ ಅಷ್ಟು ಬೆಲೆ ಕಟ್ಟಿದ ಪ್ರವಾದಿಯ ಸಮುದಾಯ ನಾವು. ನಮ್ಮ ಮಕ್ಕಳಿಗೆ ಅಕ್ಷರ ತಿದ್ದಿಸಿದವರ ಒಲೆ ಬೇಸಿಗೆಯಲ್ಲಿ ಆರಿದ್ದರೆ, ನಾಳೆ ಆ ಒಲೆಯ ಬಗ್ಗೆ ನಮ್ಮೊಡನೆ ಪ್ರಶ್ನಿಸಲಾಗದೇ?

ಅಲ್ಲಾಹನು ದುಡಿಯುವ ಕೈಗಳಿಗೆ ಸಾಕಾಗುವಷ್ಟು ಹಲಾಲ್ ಅನ್ನವನ್ನೂ, ನೋಡುವ ಕಣ್ಣುಗಳಿಗೆ ನೆರೆಯವನ ಮೌನವನ್ನು ಅರಿಯುವ ಬೆಳಕನ್ನೂ ದಯಪಾಲಿಸಲಿ. ಆಮೀನ್.